ಡ್ಯಾಶ್‌ಹಂಡ್ ಮರಿ ಉಡುಗೊರೆ ಕೊಡೋ ಯೋಚನೆಯಾ? ಮರಿಗಿಂತ ಮೊದಲು ತಾಯಿನ ನೋಡಿ

"ಮುಂದಿನ ಭಾನುವಾರ ಬರ್ತ್‌ಡೇ ಇದೆ, ಅಷ್ಟರೊಳಗೆ ಒಂದು ಡ್ಯಾಶ್‌ಹಂಡ್ ಮರಿ ಸಿಗುತ್ತಾ?" ಗಿಡ್ಡ ಕಾಲು, ಉದ್ದ ಬೆನ್ನಿನ ಈ ನಾಯಿ ಬೆಂಗಳೂರಲ್ಲಿ ದುಡ್ಡು ಕೊಟ್ಟರೆ ಖಂಡಿತ ಸಿಗುತ್ತೆ. ಹಾಗೆ ಸಿಗೋ ಮರಿಯನ್ನೇ ತರಬೇಡಿ ಅನ್ನೋದು ನನ್ನ ವಾದ.

ಲೆಕ್ಕ ಹಾಕಿ ನೋಡಿ. ನಾಯಿ ಗಬ್ಬದಲ್ಲಿರೋದು ಸುಮಾರು 63 ದಿನ. ಹುಟ್ಟಿದ ಮೇಲೆ ಮರಿ ಕನಿಷ್ಠ 8 ವಾರ ತಾಯಿ ಜೊತೆ ಇರಬೇಕು. ಮೇಟಿಂಗ್ ಆದ ದಿನದಿಂದ ಮರಿ ನಿಮ್ಮ ಕೈಗೆ ಬರೋಕೆ ನಾಲ್ಕು ತಿಂಗಳು. ಕಾಳಜಿ ಇರೋ ಬ್ರೀಡರ್ ಹತ್ತಿರ ವರ್ಷಕ್ಕೆ ಒಂದೆರಡು ಸೂಲು ಆದರೆ ಹೆಚ್ಚು, ಅದೂ ಹುಟ್ಟೋ ಮುಂಚೆಯೇ ಬುಕ್ ಆಗಿರುತ್ತೆ. ಹಾಗಾಗಿ ನಿಮ್ಮ ತಾರೀಖಿಗೆ ಮರಿ ಹುಡುಕಬೇಡಿ, ಮರಿ ಸಿಕ್ಕ ತಾರೀಖಿಗೆ ಉಡುಗೊರೆ ಕೊಡಿ. ಬರ್ತ್‌ಡೇ ದಿನ ಒಂದು ಹಾರ್ನೆಸ್, ಒಂದು ಬಟ್ಟಲು ಕೊಟ್ಟು "ಬನ್ನಿ, ಮರಿ ಆರಿಸೋಣ" ಅಂದರೆ ಸಾಕು. ಸರ್ಪ್ರೈಸ್ ಅಂತೂ ಬೇಡವೇ ಬೇಡ. ಈ ನಾಯಿ 12ರಿಂದ 16 ವರ್ಷ ಬದುಕುತ್ತೆ, ಗಂಟಲು ದೊಡ್ಡದು, ಕುಂಡದ ಮಣ್ಣು ಕೆದರದೆ ಇರಲ್ಲ. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬೇಟೆಯಾಡೋಕೆ ಅಂತಲೇ ಬೆಳೆಸಿದ ತಳಿ ಅದು. ಸಾಕೋರು ಒಪ್ಪಿರಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೆ ಬೇರೆ ತಳಿ ಯೋಚಿಸಿ. ದೀಪಾವಳಿ ವಾರದಲ್ಲಿ ಎರಡು ತಿಂಗಳ ಮರಿಯನ್ನ ಹೊಸ ಮನೆಗೆ ತರಬೇಡಿ, ಪಟಾಕಿ ಭಯ ಹತ್ತಿಕೊಂಡರೆ ಬಿಡಿಸೋದು ಕಷ್ಟ.

ಈಗ ಮುಖ್ಯ ವಿಷಯ, ಬೆನ್ನು. ಕಾಲು ಗಿಡ್ಡವಾಗಿರೋಕೆ ಕಾರಣವಾದ ವಂಶವಾಹಿ ಬದಲಾವಣೆಗಳ ಜೊತೆಗೇ ಬೆನ್ನುಮೂಳೆ ನಡುವಿನ ಮೆತ್ತೆಯಂಥ ಡಿಸ್ಕ್ ಬೇಗ ಗಟ್ಟಿಯಾಗೋ ಗುಣವೂ ಬಂದಿದೆ. ಡಿಸ್ಕ್ ಒಡೆದು ನರ ಒತ್ತಿದರೆ ಹಿಂಗಾಲು ಬಿದ್ದುಹೋಗುತ್ತೆ. ಡ್ಯಾಶ್‌ಹಂಡ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತೆ, ಸಾಮಾನ್ಯವಾಗಿ 3ರಿಂದ 7 ವರ್ಷದ ನಡುವೆ. ಎಂಟು ವಾರದ ಮರಿಯಲ್ಲಿ ಇದು ಕಾಣಲ್ಲ, ಕಾಣೋದು ಮನೆತನದಲ್ಲಿ. ಅದಕ್ಕೇ ತಾಯಿನ ನೋಡಿ ಅನ್ನೋದು. ಅವಳನ್ನ ನಡೆಸಿ, ತಿರುಗಿಸಿ ನೋಡಿ. ಅವಳ ಅಪ್ಪ ಅಮ್ಮ, ಹಿಂದಿನ ಸೂಲಿನ ಮರಿಗಳಲ್ಲಿ ಯಾರಿಗಾದರೂ ಬೆನ್ನು ಹೋಗಿತ್ತಾ ಕೇಳಿ. ಡೆನ್ಮಾರ್ಕ್, ಫಿನ್ಲೆಂಡ್ ಕಡೆ ಬ್ರೀಡಿಂಗ್‌ಗೆ ಬಿಡೋ ಮೊದಲು ಬೆನ್ನಿನ ಎಕ್ಸ್‌ರೇ ತೆಗೆಸಿ, ಗಟ್ಟಿಯಾದ ಡಿಸ್ಕ್ ಎಷ್ಟಿವೆ ಅಂತ ಎಣಿಸ್ತಾರೆ. ಇಲ್ಲಿ ಅಂಥದ್ದನ್ನ ಮಾಡಿಸಿರೋ ಬ್ರೀಡರ್ ಸಿಕ್ಕರೆ ಬೆಲೆ ಚೌಕಾಸಿ ಮಾಡಬೇಡಿ. "ತಾಯಿ ಊರಲ್ಲಿದೆ, ಫಾರ್ಮ್‌ನಲ್ಲಿದೆ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಬಣ್ಣಕ್ಕೆ ಮರುಳಾಗೋದು ಎರಡನೇ ಅಪಾಯ. ಚುಕ್ಕೆ ಚುಕ್ಕೆ ಇರೋ ಡ್ಯಾಪಲ್ ಈಗ ಫ್ಯಾಷನ್ನು. ಅಪ್ಪ ಅಮ್ಮ ಇಬ್ಬರೂ ಡ್ಯಾಪಲ್ ಆದರೆ ಪ್ರತಿ ಮರಿಗೂ ಶೇ. 25ರಷ್ಟು ಸಾಧ್ಯತೆಯಲ್ಲಿ ಆ ಗುಣ ಎರಡೂ ಕಡೆಯಿಂದ ಬರುತ್ತೆ. ಅಂಥ ಮರಿಗೆ ಕಣ್ಣು, ಕಿವಿಯ ದೋಷ ಬರೋ ಭಯ ಜಾಸ್ತಿ. ಬೂದು ನೀಲಿ ಬಣ್ಣದವಕ್ಕೆ ಬೆಳೀತಾ ಕೂದಲು ಉದುರೋದು, ಚರ್ಮದ ಕಾಟ. "ರೇರ್ ಕಲರ್" ಅಂತ ಹೆಚ್ಚು ದುಡ್ಡು ಕೇಳ್ತಾರಲ್ಲ, ಅದಕ್ಕೆ ನಗಬೇಕೋ ಅಳಬೇಕೋ. "ಟೀಕಪ್" ಡ್ಯಾಶ್‌ಹಂಡ್ ಅನ್ನೋದು ಇಲ್ಲವೇ ಇಲ್ಲ. ಹಚ್ ಮೊಬೈಲ್ ಕಂಪನಿಯ ಜಾಹೀರಾತಲ್ಲಿ ಬಂದಮೇಲೆ ಎಲ್ಲರೂ ಅದೇ ಬೇಕು ಅಂತ ಮುಗಿಬಿದ್ದು ಪಗ್ ತಳಿಗೆ ಏನಾಯ್ತು ಅಂತ ಈ ದೇಶ ನೋಡಿದೆ.

ಪೇಪರ್ ವಿಚಾರ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ವಂಶಾವಳಿ ಹೇಳುತ್ತೆ, ಆರೋಗ್ಯ ಹೇಳಲ್ಲ. ಚರ್ಮದಡಿ ಹಾಕೋ ಮೈಕ್ರೋಚಿಪ್‌ನ 15 ಅಂಕಿಯ ನಂಬರ್ ಪೇಪರ್‌ಗೆ ಹೊಂದುತ್ತಾ ಅಂತ ಸ್ಕ್ಯಾನರ್ ಇಟ್ಟು ನೋಡಿ. ಇದರ ಜೊತೆ 2017ರ ಕೇಂದ್ರದ ನಾಯಿ ಬ್ರೀಡಿಂಗ್ ನಿಯಮದಂತೆ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, 8 ವಾರ ತುಂಬದ ಮರಿ ಮಾರೋ ಹಾಗಿಲ್ಲ. ಆ ನೋಂದಣಿ ನಂಬರ್ ಕೇಳಿದ ತಕ್ಷಣ ಅರ್ಧ ಜನ ಫೋನ್ ಇಡ್ತಾರೆ, ನಿಮ್ಮ ಕೆಲಸ ಹಗುರ ಆಯ್ತು.

ವಯಸ್ಸಿನ ಸುಳ್ಳನ್ನ ಹಲ್ಲು ಹಿಡಿದುಕೊಡುತ್ತೆ. ಎಂಟು ವಾರಕ್ಕೆ 28 ಹಾಲುಹಲ್ಲು ಹೆಚ್ಚುಕಡಿಮೆ ಬಂದಿರಬೇಕು. ಹಿಂದಿನ ಹಲ್ಲೇ ಇಲ್ಲದಿದ್ದರೆ ಮರಿ ಇನ್ನೂ ಎಳೆಯದು, ಒಡಹುಟ್ಟಿದವರ ಜೊತೆ ಆಡಿ ಎಷ್ಟು ಜೋರಾಗಿ ಕಚ್ಚಬಾರದು ಅನ್ನೋದನ್ನೂ ಕಲಿತಿರಲ್ಲ. ಹೊಟ್ಟೆ ಡೊಳ್ಳಾಗಿ ಪಕ್ಕೆ ಕಾಣ್ತಿದ್ದರೆ ಜಂತುಹುಳು. ಹೊಕ್ಕುಳ ಹತ್ತಿರ ಮೆತ್ತಗಿನ ಉಂಡೆ ಇದ್ದರೆ ಹರ್ನಿಯಾ. ಒಸಡು ಗುಲಾಬಿ ಇರಬೇಕು, ಬಿಳಿಚಿಕೊಂಡಿರಬಾರದು.

ರಸ್ತೆಬದಿ ಸಂತೆಯ ಮರಿಗಳ ದೊಡ್ಡ ಶತ್ರು ಪಾರ್ವೋ ಅನ್ನೋ ವೈರಸ್. ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ ವಾಂತಿ, ರಕ್ತಭೇದಿ ಶುರು. ಕೊಳ್ಳೋವಾಗ ಕುಣಿಯೋ ಮರಿ ಮನೆಗೆ ಬಂದು ವಾರದೊಳಗೆ ಮಲಗೋದು ಇದಕ್ಕೇ. ಒಂದು ಲಸಿಕೆ ಆಗಿದೆ ಅಂದರೆ ನಿಶ್ಚಿಂತೆ ಅಲ್ಲ, 16 ವಾರ ಆಗೋವರೆಗೆ ಡಾಕ್ಟರ್ ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು, ರೇಬಿಸ್ ಮೂರು ತಿಂಗಳಿಗೆ. ಪುಸ್ತಕದಲ್ಲಿ ಲಸಿಕೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ಡಾಕ್ಟರ್ ಸಹಿ ಮೂರೂ ಇರಲಿ.

ವಾಟ್ಸಾಪ್ ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ. ಆಮೇಲೆ ಟ್ರಾನ್ಸ್‌ಪೋರ್ಟ್, ಇನ್ಶೂರೆನ್ಸ್ ಅಂತ ಒಂದೊಂದೇ ಬಿಲ್ ಬರುತ್ತೆ, ಮರಿ ಮಾತ್ರ ಬರಲ್ಲ.

ಕೊಡೋ ಮನೆಯನ್ನೂ ಸಜ್ಜು ಮಾಡಿಸಿ. ಟೈಲ್ಸ್ ಮೇಲೆ ಜಮಖಾನ ಹಾಸಿ, ಜಾರಿದರೆ ಬೆನ್ನಿಗೆ ಪೆಟ್ಟು. ಒಂದೂವರೆ ಅಡಿ ಎತ್ತರದ ಸೋಫಾಗೆ ಕನಿಷ್ಠ ನಾಲ್ಕು ಅಡಿ ಉದ್ದದ ಇಳಿಜಾರು ಹಲಗೆ, ಮೇಲೆ ಜಾರದಂಥ ಮ್ಯಾಟ್. ಎತ್ತಿಕೊಳ್ಳೋವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿರಲಿ. ಕಂಕುಳಿಗೆ ಕೈಹಾಕಿ ಮಗು ಎತ್ತಿದ ಹಾಗೆ ಎತ್ತಬಾರದು, ಇದನ್ನ ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಬ್ರೀಡರ್ ಕೊಡ್ತಿದ್ದ ಆಹಾರವನ್ನೇ ಮೊದಲ ಕೆಲವು ದಿನ ಮುಂದುವರಿಸಿ, ಬದಲಿಸೋದಾದರೆ ಏಳು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ಪ್ರೀತಿಗೆ ಅಂತ ಲೋಟಗಟ್ಟಲೆ ಹಸುವಿನ ಹಾಲು ಕೊಟ್ಟರೆ ಭೇದಿ ಗ್ಯಾರಂಟಿ. ತಂದ ಎರಡು ದಿನದೊಳಗೆ ನಿಮ್ಮದೇ ಡಾಕ್ಟರ್‌ಗೆ ತೋರಿಸಿ. ಹುಟ್ಟು ದೋಷ ಕಂಡರೆ, ಅಥವಾ ಮುಂದೆ ಯಾವತ್ತಾದರೂ ಸಾಕೋಕೆ ಆಗದಿದ್ದರೆ ನಾಯಿನ ವಾಪಸ್ ತಗೋತೀನಿ ಅಂತ ಬ್ರೀಡರ್ ಕೈಲಿ ಬರೆಸಿಕೊಳ್ಳಿ, ಅದನ್ನ ದುಡ್ಡು ಕೊಡೋ ಮೊದಲು.