ಹೆಚ್ಚು ಮಾರಾಟವಾಗುವ ಕಾರನ್ನೇ ಕೊಳ್ಳಬೇಕೇ?

ಪರ: ಕೆಟ್ಟಾಗ ಸಾಮಾನು ಎಲ್ಲಿ ಸಿಗುತ್ತದೆ, ಅದನ್ನು ಹೇಳಿ
(ವಿಜಯಪುರದ ಬಾಡಿಗೆ ಕಾರು ಮಾಲೀಕರು)

ಹೌದು. ಇದರಲ್ಲಿ ಕೇಳುವುದೇನಿದೆ?

ವಿಜಯಪುರದಲ್ಲಿ 19 ವರ್ಷದಿಂದ ಬಾಡಿಗೆ ಗಾಡಿ ಓಡಿಸುತ್ತಿದ್ದೇನೆ. ಗೋಳಗುಮ್ಮಟ ನೋಡಲು ಬಂದವರನ್ನು ಬಾದಾಮಿ, ಐಹೊಳೆಗೆ ಕರೆದುಕೊಂಡು ಹೋಗಿದ್ದೇನೆ. ಒಣದ್ರಾಕ್ಷಿ ವ್ಯಾಪಾರಿಗಳನ್ನು ತಿಕೋಟಾದಿಂದ ಸಾಂಗಲಿಗೆ ಬಿಟ್ಟು ಬಂದಿದ್ದೇನೆ. ‘ಅಣ್ಣಾ, ಯಾವ ಗಾಡಿ ತಗೊಳ್ಳಲಿ?’ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ. ಬಸ್ ಸ್ಟ್ಯಾಂಡ್ ಮುಂದೆ ಹತ್ತು ನಿಮಿಷ ನಿಲ್ಲು. ಯಾವ ಗಾಡಿ ಜಾಸ್ತಿ ಹಾದು ಹೋಗುತ್ತದೋ ಅದನ್ನು ತಗೋ.

ಗಾಡಿ ಅಂದ ಮೇಲೆ ಕೆಡುತ್ತದೆ. ಕೆಡದ ಗಾಡಿಯನ್ನು ಜಪಾನಿನವರೂ ಮಾಡಿಲ್ಲ, ಜರ್ಮನಿಯವರೂ ಮಾಡಿಲ್ಲ. ಕೆಟ್ಟದ್ದು ಎಷ್ಟು ಹೊತ್ತಿಗೆ ಮತ್ತೆ ರಸ್ತೆಗೆ ಬರುತ್ತದೆ ಅನ್ನುವುದೇ ಲೆಕ್ಕ. ಜಾಸ್ತಿ ಮಾರಾಟವಾದ ಗಾಡಿಯ ಸಾಮಾನು ಸಿಂದಗಿಯಲ್ಲಿ ಸಿಗುತ್ತದೆ, ಇಂಡಿಯಲ್ಲಿ ಸಿಗುತ್ತದೆ, ಚಡಚಣದಲ್ಲೂ ಸಿಗುತ್ತದೆ. ಕಂಪನಿದು ದುಬಾರಿ ಅನ್ನಿಸಿದರೆ ಲೋಕಲ್ ಇದೆ. ಅದೂ ಬೇಡವೆಂದರೆ ಗುಜರಿಯಲ್ಲಿ ಹಳೆಯದು ಇದೆ. ಕಡಿಮೆ ಮಾರಾಟವಾದ ಗಾಡಿಗೆ ಸಿಗುವುದು ‘ಆರ್ಡರ್ ಹಾಕೇವ್ರಿ’ ಅನ್ನುವ ಮಾತು ಮಾತ್ರ.

ಆ ಮಾತನ್ನು ನಾನು 34 ದಿನ ಕೇಳಿದ್ದೇನೆ.

ಏಳು ವರ್ಷದ ಹಿಂದೆ ನನಗೂ ಒಮ್ಮೆ ಎಲ್ಲರ ಹಾಗೆ ಇರಬಾರದು ಅನ್ನಿಸಿತ್ತು. ಒಂದು ಕಂಪನಿಯ ಗಾಡಿ ತಂದೆ. ಹೆಸರು ಬೇಡ. ನೋಡಲು ಬಹಳ ಚಂದ. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಇಡೀ ಜಿಲ್ಲೆಯಲ್ಲಿ ಅಂಥವು ಹತ್ತೋ ಹನ್ನೆರಡೋ ಇದ್ದವು. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಆಷಾಢ ಏಕಾದಶಿಗೆ ಒಂದು ಮನೆಯವರನ್ನು ಪಂಢರಪುರಕ್ಕೆ ಕರೆದುಕೊಂಡು ಹೊರಟೆ. ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಮಂಗಳವೇಢೆ ಹತ್ತಿರ ಕ್ಲಚ್ ಪೆಡಲು ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ತಳ್ಳಿಕೊಂಡು ಒಂದು ಗ್ಯಾರೇಜಿಗೆ ತಂದೆವು. ಮಿಸ್ತ್ರಿ ಬಾನೆಟ್ ಎತ್ತಿದ. ನೋಡಿದ. ಮತ್ತೆ ಮುಚ್ಚಿದ. ‘ಈ ಗಾಡಿ ನಾ ಒಮ್ಮೆನೂ ಬಿಚ್ಚಿಲ್ರಿ’ ಎಂದು ಮರಾಠಿ ಬೆರೆಸಿ ಹೇಳಿದ. ಹೋಗಿದ್ದು ಕ್ಲಚ್ ಸಿಲಿಂಡರ್, ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ರಸ್ತೆ ತುಂಬ ವಾರಕರಿಗಳು ತಾಳ ಬಾರಿಸುತ್ತ ನಡೆದು ಹೋಗುತ್ತಿದ್ದರು. ಅಜ್ಜಿ ಅವರನ್ನು ನೋಡಿದರು, ನನ್ನನ್ನು ನೋಡಿದರು. ‘ವಿಠ್ಠಲ ನಡಕೋತ ಬಾ ಅಂದಿದ್ದ. ನಾವ ಕೇಳಲಿಲ್ಲ, ಬಿಡಪ್ಪಾ’ ಅಂದರು. ಬೈದಿದ್ದರೆ ಚಲೋ ಇತ್ತು.

ಕೊನೆಗೆ ಅವರು ಪಂಢರಪುರ ಮುಟ್ಟಿದ್ದು ಹಿಂದಿನಿಂದ ಬಂದ ಒಂದು ಹಳೆಯ ಬೊಲೆರೊದಲ್ಲಿ. ಅದರ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಆದರೆ ಓಡುತ್ತಿತ್ತು, ಅಲ್ವಾ?

ನನ್ನ ಗಾಡಿಯನ್ನು ಎಳೆಸಿಕೊಂಡು ಸೋಲಾಪುರಕ್ಕೆ ಹಾಕಿದೆ. ದಿನಾ ಫೋನು ಮಾಡುವುದು, ದಿನಾ ಅದೇ ಉತ್ತರ. ಸಾಮಾನು ಪುಣೆಯಲ್ಲಿ ಇಲ್ಲವಂತೆ, ಚೆನ್ನೈಯಲ್ಲಿ ಇದೆಯಂತೆ, ಇದ್ದದ್ದು ಬೇರೆ ನಂಬರಿನದಂತೆ. ಬ್ಯಾಂಕಿನ ಕಂತು ಮಾತ್ರ ಒಂದು ದಿನವೂ ತಡ ಆಗಲಿಲ್ಲ. ಆಷಾಢ ಏಕಾದಶಿಗೆ ಕೆಟ್ಟ ಗಾಡಿ ಮನೆಗೆ ಬಂದದ್ದು ನೂಲ ಹುಣ್ಣಿಮೆಗೆ. ಮಾರಲು ಹೋದರೆ ದಲ್ಲಾಳಿ ಸುತ್ತ ಒಂದು ರೌಂಡು ಹಾಕಿ, ‘ಇದನ್ನ ನೀವ ಇಟ್ಕೊಂಡ್ರ ಛಲೋರಿ’ ಅಂದ. ಸಿಕ್ಕ ರೇಟಿಗೆ ಕೊಟ್ಟೆ. ಆಮೇಲೆ ತಂದದ್ದು ಓಣಿಗೆ ನಾಲ್ಕು ಇರುವಂಥ ಗಾಡಿ. 3 ಲಕ್ಷ 60 ಸಾವಿರ ಕಿಲೋಮೀಟರ್ ಓಡಿದೆ. ಅದು ಕೆಟ್ಟಿಲ್ಲ ಎಂದು ಹೇಳುತ್ತಿಲ್ಲ. ಬೆಳಿಗ್ಗೆ ಕೆಟ್ಟರೆ ಸಂಜೆಗೆ ಓಡಿದೆ.

ಓದಿದವರು ‘ಜನ ಕುರಿ ಹಿಂಡು, ಒಬ್ಬ ಕೊಂಡದ್ದನ್ನೇ ಇನ್ನೊಬ್ಬ ಕೊಳ್ಳುತ್ತಾನೆ’ ಅನ್ನುತ್ತಾರೆ. ಏಳೆಂಟು ಲಕ್ಷ ಸುರಿಯುವವನು ಕುರಿಯೇ? ನಮ್ಮಪ್ಪ ಅಂಬಾಸಿಡರ್ ಓಡಿಸಿದವರು. ಆಗ ಆರಿಸಿಕೊಳ್ಳಲು ಇದ್ದದ್ದಾದರೂ ಏನು? ಅಂಬಾಸಿಡರ್, ಇಲ್ಲವೇ ಪದ್ಮಿನಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯುವವರು ಇದ್ದ ಮೇಲೆ ಕಂಪನಿಯವರು ಗಾಡಿಯನ್ನು ಯಾಕೆ ಸುಧಾರಿಸುತ್ತಾರೆ? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಬೆಳಿಗ್ಗೆ ಕೀಲಿ ತಿರುವಿದರೆ ಚಾಲೂ ಆಯಿತು, ಜನ ಕೊಂಡರು. 1998ರಲ್ಲಿ ಹ್ಯುಂಡೈ ಸ್ಯಾಂಟ್ರೊ ಬಂತು, ಅದೇ ವರ್ಷದ ಕೊನೆಗೆ ಟಾಟಾ ಇಂಡಿಕಾ. ಇಂಡಿಕಾದ ಮೊದಲ ಗಾಡಿಗಳ ಮೇಲೆ ಬಹಳ ದೂರು ಬಂದವು. ಟಾಟಾದವರು ತಿದ್ದಿಕೊಂಡು 2001ರಲ್ಲಿ ವಿ2 ತಂದರು. ಆಮೇಲೆ ನೋಡಿ, ಬಾಡಿಗೆ ಗಾಡಿಯವರೆಲ್ಲ ಇಂಡಿಕಾ ಹಿಡಿದರು. ಜನ ಪಾಸು ಮಾಡಿದ್ದು ಮಾರಾಟವಾಯಿತು, ಫೇಲು ಮಾಡಿದ್ದು ಮಾರಾಟವಾಗಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಇನ್ನು, ಮಾರಾಟ ಕಡಿಮೆಯಾದ ಕಂಪನಿ ಒಂದು ದಿನ ಗಂಟುಮೂಟೆ ಕಟ್ಟುತ್ತದೆ. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಷೆವರ್ಲೆ ಮಾರುವುದನ್ನು ಬಿಟ್ಟಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. (ನನ್ನನ್ನು ಮಂಗಳವೇಢೆಯಲ್ಲಿ ನಿಲ್ಲಿಸಿದ ಕಂಪನಿ ಇವೆರಡೂ ಅಲ್ಲ. ಅದು ಇನ್ನೂ ಇದೆ, ಸುಖವಾಗಿರಲಿ.) ಟೊಯೊಟಾವನ್ನೇ ನೋಡಿ. ಜಗತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಗಾಡಿ ಮಾರುವವರು. ಅವರು 2019ರಲ್ಲಿ ಮಾರುತಿಯ ಬಲೆನೊಗೆ ತಮ್ಮ ಗುರುತು ಹಚ್ಚಿ ಗ್ಲಾಂಜಾ ಎಂದು ಮಾರಿದರು. ಓಡುವ ಗಾಡಿ ಯಾವುದೆಂದು ಟೊಯೊಟಾದವರಿಗೇ ತಿಳಿಯಿತು. ನಮಗೆ ತಿಳಿಯಬಾರದೇ?

ಈಗ ಹೊಸದಾಗಿ ಸುರಕ್ಷತೆಯ ನಕ್ಷತ್ರ ಎಣಿಸುವವರು ಬಂದಿದ್ದಾರೆ. ಈ ಗಾಡಿಗೆ ಐದು, ಆ ಗಾಡಿಗೆ ಎರಡು. ಗಾಡಿಯನ್ನು ಒಯ್ದು ಗುದ್ದಿಸಿ ನೋಡುತ್ತಾರಂತೆ. ನಾನು ಗುದ್ದಿಸಲು ಗಾಡಿ ಕೊಳ್ಳುವುದಿಲ್ಲ. 19 ವರ್ಷದಲ್ಲಿ ಗುದ್ದಿದ್ದು ಒಂದೇ ಸಲ, ತಾಳಿಕೋಟೆ ರಸ್ತೆಯಲ್ಲಿ, ಒಂದು ಎಮ್ಮೆಗೆ. ಎಮ್ಮೆಗೆ ಏನೂ ಆಗಲಿಲ್ಲ. ಬಂಪರು ಹೋಯಿತು. ಮರುದಿನವೇ ಸಿಕ್ಕಿತು, ಮುದ್ದೇಬಿಹಾಳದಲ್ಲೇ.

ವಿರೋಧ: ಐದಕ್ಕೊಂದು ತಟ್ಟಿದೆ
(ಬೆಳಗಾವಿಯ ನಿವೃತ್ತ ಫೌಂಡ್ರಿ ಇನ್‌ಸ್ಪೆಕ್ಟರ್)

‘ವಿರೋಧ ಬರೆಯಲು ಯಾರೂ ಒಪ್ಪುತ್ತಿಲ್ಲ ಕಾಕಾ, ನೀವಾದರೂ ಬರೆಯಿರಿ’ ಎಂದರು ಈ ಚರ್ಚೆ ನಡೆಸುವವರು. ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟಿಳಕವಾಡಿಯ ನಮ್ಮ ಮನೆ ಮುಂದೆ ನಿಂತಿರುವುದೂ ಊರೆಲ್ಲ ಕೊಂಡಿರುವ ಗಾಡಿಯೇ. ಮಗ ತಂದದ್ದು. ನಾನೂ ಬೇಡ ಅನ್ನಲಿಲ್ಲ.

ಮೊದಲು ಈ ‘ಹೆಚ್ಚು ಮಾರಾಟ’ ಅನ್ನುವುದರ ಲೆಕ್ಕ ನೋಡೋಣ. ತಿಂಗಳ ಮೊದಲ ದಿನ ಕಂಪನಿಗಳು ‘ಇಷ್ಟು ಸಾವಿರ ಮಾರಿದೆವು’ ಎಂದು ಹೇಳುತ್ತವೆ. ನಮ್ಮ ದೇಶದಲ್ಲಿ ಆ ಸಂಖ್ಯೆ ಬಹುಪಾಲು ಡೀಲರ್‌ಗಳಿಗೆ ಕಳಿಸಿದ ಗಾಡಿಗಳದ್ದು. ಗಿರಾಕಿಯ ಮನೆಗೆ ಹೋದದ್ದು ಎಷ್ಟು ಎಂದು ತಿಳಿಯಬೇಕಾದರೆ ನೋಂದಣಿಯ ಲೆಕ್ಕ ನೋಡಬೇಕು. ಎರಡೂ ಒಂದೇ ಇರುವುದಿಲ್ಲ. ಶೋರೂಮಿನ ಹಿಂದಿನ ಯಾರ್ಡಿನಲ್ಲಿ ಧೂಳು ತಿನ್ನುತ್ತ ನಿಂತ ಗಾಡಿಯೂ ‘ಮಾರಾಟವಾದ’ ಗಾಡಿಯೇ.

ಸಾಮಾನು ಸಿಗುತ್ತದೆ, ಮಿಸ್ತ್ರಿ ಸಿಗುತ್ತಾನೆ ಎಂದು ಗಾಡಿ ಕೊಳ್ಳಿ ಎನ್ನುತ್ತಾರೆ. ಡಾಕ್ಟರು ಪಕ್ಕದ ಮನೆಯಲ್ಲೇ ಇದ್ದಾರೆ ಎಂದು ಜ್ವರ ಬರಿಸಿಕೊಂಡ ಹಾಗಾಯಿತು. ಇದೇ ಬಾಡಿಗೆ ಗಾಡಿಯವರನ್ನು ಕನಸಿನ ಗಾಡಿ ಯಾವುದು ಎಂದು ಕೇಳಿ ನೋಡಿ. ಇನೋವಾ ಎನ್ನುತ್ತಾರೆ. ದೇಶದ ಮಾರಾಟದ ಪಟ್ಟಿಯಲ್ಲಿ ಅದು ಎಂದೂ ಮೊದಲ ಸ್ಥಾನದಲ್ಲಿ ಇದ್ದದ್ದಲ್ಲ.

2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಐದು ಸಣ್ಣ ಕಾರುಗಳನ್ನು 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿತು. ಆಲ್ಟೊ 800, ಐ10, ಫಿಗೊ, ಪೋಲೊ, ನ್ಯಾನೊ. ಏರ್‌ಬ್ಯಾಗ್ ಇಲ್ಲದ, ಕಡಿಮೆ ಬೆಲೆಯ ಮಾದರಿಗಳು. ಐದಕ್ಕೂ ಸೊನ್ನೆ. ಆ ವರ್ಷಗಳಲ್ಲಿ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದದ್ದು ಆಲ್ಟೊ. ಮೊದಲ ಬಾರಿಗೆ ಐದು ನಕ್ಷತ್ರ ಬಂದದ್ದು 2018ರಲ್ಲಿ, ಟಾಟಾ ನೆಕ್ಸಾನ್‌ಗೆ. ಇದನ್ನು ಬರೆದು ನಿಲ್ಲಿಸಿದ್ದರೆ ನನ್ನ ವಾದ ಗಟ್ಟಿಯಾಗಿರುತ್ತಿತ್ತು. ಆದರೆ 2024ರಲ್ಲಿ ಪಟ್ಟಿಯ ತಲೆಯ ಮೇಲೆ ಬಂದದ್ದು ಐದು ನಕ್ಷತ್ರದ ಟಾಟಾ ಪಂಚ್. ಅದೇ ವರ್ಷ ಮಾರುತಿಯ ಡಿಸೈರ್ ಕೂಡ ಐದು ನಕ್ಷತ್ರ ತೆಗೆದುಕೊಂಡಿತು. ಗಟ್ಟಿ ಗಾಡಿಯೇ ಹೆಚ್ಚು ಮಾರಾಟವಾಗತೊಡಗಿದರೆ ನಾನು ಎಲ್ಲಿ ನಿಲ್ಲಲಿ? ಇರಲಿ.

ಬೆಳಗಾವಿಯವನಾಗಿ ಒಂದು ಹಳೆಯ ಮಾತು ನೆನಪಾಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇದೇ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಭೂಮಿಗೆ ವಿಷ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತಂತೆ. ಬಸ್ ಸ್ಟ್ಯಾಂಡ್ ಮುಂದೆ ನಿಂತು ಎಣಿಸಿದ್ದರೆ ಮರದ ನೇಗಿಲೇ ಗೆಲ್ಲುತ್ತಿತ್ತು. ಮುಂದೆ ಅದೇ ಮನೆತನದವರು ಟೊಯೊಟಾ ಜೊತೆ ಸೇರಿ ಬಿಡದಿಯಲ್ಲಿ ಕಾರು ಕಾರ್ಖಾನೆ ಹಾಕಿದರು.

ಆ ಟೊಯೊಟಾ 2008ರಲ್ಲಿ ಜನರಲ್ ಮೋಟಾರ್ಸನ್ನು ಹಿಂದೆ ಹಾಕಿ ಜಗತ್ತಿನಲ್ಲಿ ನಂಬರ್ ಒನ್ ಆಯಿತು. ಎರಡು ವರ್ಷವೂ ತುಂಬಲಿಲ್ಲ, ತಾನಾಗಿ ವೇಗ ಏರುತ್ತದೆ ಎಂಬ ದೂರಿನ ಮೇಲೆ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಅದರ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕುಳಿತು ಒಪ್ಪಿಕೊಂಡರು. ಮೊದಲು ಸುರಕ್ಷತೆ, ಆಮೇಲೆ ಗುಣಮಟ್ಟ, ಕೊನೆಗೆ ಸಂಖ್ಯೆ ಎಂಬ ನಮ್ಮ ಕ್ರಮ ಅದಲುಬದಲಾಯಿತು, ನಾವು ಅತಿ ಬೇಗ ಬೆಳೆದೆವು ಎಂದರು. 2015ರ ಮೊದಲ ಆರು ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ನಂಬರ್ ಒನ್. ಅದೇ ಸೆಪ್ಟೆಂಬರ್‌ನಲ್ಲಿ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುವ ಸಾಫ್ಟ್‌ವೇರ್ ಸಿಕ್ಕಿತು. 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳಲ್ಲಿ ಅದಿತ್ತು.

ದೊಡ್ಡವರ ಮಾತು ಸಾಕು. ಸಂಖ್ಯೆಯ ಹಿಂದೆ ಓಡುವುದು ಅಂದರೆ ಏನು ಎಂದು ನನಗೆ ನಮ್ಮೂರಿನ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲೇ ಗೊತ್ತಾಗಿದೆ. ಇಲ್ಲಿನ ಫೌಂಡ್ರಿಗಳು ಗಾಡಿ ಕಂಪನಿಗಳಿಗೆ ಎರಕದ ಸಾಮಾನು ಮಾಡಿಕೊಡುತ್ತವೆ. ನಾನು ಬ್ರೇಕ್ ಡ್ರಮ್ಮು ಪಾಸು ಮಾಡುತ್ತಿದ್ದೆ. ಬ್ಲೋಹೋಲ್, ಅಂದರೆ ಎರಕದಲ್ಲಿ ಗಾಳಿ ಸಿಕ್ಕಿ ಬಿದ್ದ ತೂತು, ಕಣ್ಣಿಗೆ ಕಾಣುತ್ತದೆ. ಬಿರುಕು ಕಾಣುವುದಿಲ್ಲ, ಕೇಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯ ಡ್ರಮ್ಮು ಗುಡಿಯ ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಒಡೆದ ಗಡಿಗೆಯ ಹಾಗೆ.

ಒಂದು ಗಾಡಿ ಇದ್ದಕ್ಕಿದ್ದಂತೆ ಬಹಳ ಮಾರಾಟವಾಗತೊಡಗಿತು. ನಮ್ಮ ಆರ್ಡರೂ ಏರಿತು. ತಿಂಗಳ ಕೊನೆಯ ರಾತ್ರಿ, ಲಾರಿ ಗೇಟಿನಲ್ಲಿ ನಿಂತಿದೆ. ‘ಕಾಕಾ, ಇವತ್ತ ಮೂವತ್ತೊಂದರಿ’ ಎಂದ ಡಿಸ್ಪ್ಯಾಚ್ ಹುಡುಗ. ಒಂದೊಂದನ್ನೂ ತಟ್ಟಿ ನೋಡುವ ನಾನು ಅಂದು ಐದಕ್ಕೊಂದು ತಟ್ಟಿದೆ. ತಟ್ಟಿದವೆಲ್ಲ ಚೆನ್ನಾಗಿಯೇ ನುಡಿದವು. ಉಳಿದವುಗಳಿಗೂ ಸೀಮೆಸುಣ್ಣದ ಗುರುತು ಹಾಕಿದೆ. ಒಂದೂ ವಾಪಸ್ ಬರಲಿಲ್ಲ. ಬಂದಿದ್ದರೆ ಸಮಾಧಾನ ಆಗುತ್ತಿತ್ತು.

ಮಗ ತಂದ ಗಾಡಿಯೂ ಅದೇ ಹೆಸರಿನದು, ಹೊಸ ಮಾದರಿ. ಭಾನುವಾರ ತೊಳೆಯುವಾಗ ಹಿಂದಿನ ಚಕ್ರದ ಹತ್ತಿರ ಬಂದರೆ ಕೈ ತಾನಾಗಿಯೇ ಬೆರಳ ಗೆಣ್ಣಿನಿಂದ ತಟ್ಟುತ್ತದೆ. ಕೇಳುವುದು ರಿಮ್ಮಿನ ಸದ್ದು, ಡ್ರಮ್ಮಿನದಲ್ಲ.