ಎನ್‌ಬಿಎ 2ಕೆ: ಅಂಕಣದ ಮೇಲಿರುವ ಪ್ರೀತಿ ಅಂಗಡಿಯಲ್ಲಿ ಕಾಣುವುದಿಲ್ಲ

ಪ್ರತಿ ಸೆಪ್ಟೆಂಬರ್‌ನಲ್ಲೂ ಒಂದೇ ಜಗಳ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು ಆಡಿಸುವ ವಿಡಿಯೋ ಗೇಮ್ ಎನ್‌ಬಿಎ 2ಕೆಯ ಹೊಸ ಆವೃತ್ತಿ ಬರುತ್ತದೆ. ಜನ ಮುಗಿಬಿದ್ದು ಕೊಳ್ಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವರೇ ಬೈಯಲು ಶುರು ಮಾಡುತ್ತಾರೆ. "ಹೋದ ವರ್ಷದ್ದಕ್ಕೇ ಬಣ್ಣ ಬಳಿದಿದ್ದಾರೆ" ಅನ್ನುವುದು ಹಳೆಯ ದೂರು. ಅದು ಪೂರ್ತಿ ನಿಜವಲ್ಲ. ಈ ಸರಣಿಯನ್ನು ಇಷ್ಟು ವರ್ಷ ಆಡಿದ ಮೇಲೆ ನನಗೆ ಅನ್ನಿಸುವುದೇ ಬೇರೆ. ಒಂದೇ ಡಿಸ್ಕ್‌ನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಅಂಕಣ, ಅಂದರೆ ಪಂದ್ಯ ಆಡುವ ಭಾಗ. ಇನ್ನೊಂದು ಅಂಗಡಿ, ಅಂದರೆ ಗೇಮ್ ಒಳಗೆ ಮತ್ತೆ ಹಣ ಕೇಳುವ ಭಾಗ. ಅಂಕಣವನ್ನು ಕಟ್ಟಿದವರು ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುವ ಜನ. ಅಂಗಡಿಯನ್ನು ಕಟ್ಟಿದವರಿಗೆ ಆ ಪ್ರೀತಿ ಇದ್ದಂತೆ ಕಾಣುವುದಿಲ್ಲ. ಯಾವಾಗ ಯಾವುದು ಮುಂದೆ ಬಂತು ಅನ್ನುವುದು ಸರಣಿಯ ಇತಿಹಾಸ ನೋಡಿದರೆ ಗೊತ್ತಾಗುತ್ತದೆ.

ಇದು ಹುಟ್ಟಿದ್ದೇ ಒಂದು ಇಕ್ಕಟ್ಟಿನಲ್ಲಿ. 1999ರಲ್ಲಿ ಸೆಗಾ ಕಂಪನಿ ಡ್ರೀಮ್‌ಕಾಸ್ಟ್ ಅನ್ನುವ ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರವನ್ನು, ಅಮೆರಿಕಕ್ಕೆ ತಂದಿತು. ಆ ಕಾಲದಲ್ಲಿ ಕ್ರೀಡಾ ಗೇಮ್ ಅಂದರೆ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ. ಅಮೆರಿಕನ್ ಫುಟ್‌ಬಾಲ್‌ಗೆ ಮ್ಯಾಡನ್, ಬ್ಯಾಸ್ಕೆಟ್‌ಬಾಲ್‌ಗೆ ಎನ್‌ಬಿಎ ಲೈವ್. ಆದರೆ ಇಎ ಡ್ರೀಮ್‌ಕಾಸ್ಟ್‌ಗೆ ಗೇಮ್ ಮಾಡುವುದಿಲ್ಲ ಅಂದುಬಿಟ್ಟಿತು. ಕ್ರೀಡೆಯೇ ಇಲ್ಲದ ಕನ್ಸೋಲನ್ನು ಅಮೆರಿಕದಲ್ಲಿ ಮಾರುವುದು ಹೇಗೆ? ಸೆಗಾ ಆ ವರ್ಷ ಕ್ಯಾಲಿಫೋರ್ನಿಯಾದ ವಿಷುಯಲ್ ಕಾನ್ಸೆಪ್ಟ್ಸ್ ಅನ್ನುವ ಸ್ಟುಡಿಯೋವನ್ನು ಕೊಂಡುಕೊಂಡು, ತನ್ನದೇ ಕ್ರೀಡಾ ಗೇಮ್‌ಗಳನ್ನು ಮಾಡಿಸಿತು.

ಈ ಸ್ಟುಡಿಯೋದ ಹಿಂದಿನ ಕತೆ ಗೊತ್ತಿದ್ದರೆ ಮುಂದಿನದು ಇನ್ನೂ ರುಚಿಸುತ್ತದೆ. ಇವರು ಮೊದಲು ಇಎಗಾಗಿಯೇ ಮ್ಯಾಡನ್ ಮಾಡುತ್ತಿದ್ದವರು. ಪ್ಲೇಸ್ಟೇಷನ್‌ಗೆಂದು ಇವರು ಮಾಡುತ್ತಿದ್ದ ಮ್ಯಾಡನ್ 96 ಅಂದುಕೊಂಡಂತೆ ಬರಲಿಲ್ಲ. ಇಎ ಅದನ್ನು ರದ್ದು ಮಾಡಿತು. ಹಾಗೆ ಕೆಲಸ ಕಳೆದುಕೊಂಡ ಸ್ಟುಡಿಯೋ ಕೆಲವೇ ವರ್ಷಗಳಲ್ಲಿ ಇಎ ಎದುರಿಗೇ ನಿಂತಿತು. 1999ರ ನವೆಂಬರ್‌ನಲ್ಲಿ ಬಂದ ಮೊದಲ ಎನ್‌ಬಿಎ 2ಕೆ ನೋಡಿ. ಗೆದ್ದು ತೋರಿಸಲೇಬೇಕಾದವರು ಮಾಡಿದ ಕೆಲಸ ಅನ್ನುವುದು ಅದರಲ್ಲಿ ಎದ್ದು ಕಾಣುತ್ತದೆ.

ಕವರ್ ಮೇಲೆ ಅಲೆನ್ ಐವರ್ಸನ್. ಇದಕ್ಕಿಂತ ಒಳ್ಳೆಯ ಆಯ್ಕೆ ಸಾಧ್ಯವೇ ಇರಲಿಲ್ಲ. ಲೀಗಿನ ದೊಡ್ಡ ತಾರೆ ಮೈಕೆಲ್ ಜೋರ್ಡನ್ ನಿವೃತ್ತಿ ಹೇಳಿದ್ದರು. ಲೀಗ್ ಹೊಸ ಮುಖ ಹುಡುಕುತ್ತಿತ್ತು. ಫಿಲಡೆಲ್ಫಿಯಾದ ಈ ಹುಡುಗ ಆರಡಿ ಎತ್ತರ, ಮೈತುಂಬ ಹಚ್ಚೆ, ಹೆಣೆದ ಕೂದಲು, ಚೆಂಡನ್ನು ಥಟ್ಟನೆ ಕೈ ಬದಲಿಸಿ ಎದುರಾಳಿಯ ಕಾಲು ತೊಡರಿಸುವಂಥ ಕ್ರಾಸೋವರ್. ದೊಡ್ಡವರು ಮುಖ ಸಿಂಡರಿಸಿದರು, ಹುಡುಗರು ಹುಚ್ಚೆದ್ದರು. ಮೊದಲ ಐದು ಗೇಮ್‌ಗಳ ಕವರ್ ಮೇಲೂ ಐವರ್ಸನ್ ಒಬ್ಬರೇ. ಈಗ ವರ್ಷಕ್ಕೆ ಮೂರು ನಾಲ್ಕು ಕವರ್ ಬರುತ್ತವೆ. ಆಗ ಸರಣಿ ಅಂದರೆ ಐವರ್ಸನ್, ಐವರ್ಸನ್ ಅಂದರೆ ಸರಣಿ.

2000ದಲ್ಲಿ ಬಂದ 2ಕೆ1ರಲ್ಲಿ ಮೋಡೆಮ್ ಮೂಲಕ ಆನ್‌ಲೈನ್ ಆಡಬಹುದಿತ್ತು. ಫೋನ್ ಲೈನ್ ಮೇಲೆ ಬ್ಯಾಸ್ಕೆಟ್‌ಬಾಲ್! ಬೀದಿ ಅಂಕಣಗಳೂ ಆಗಲೇ ಬಂದವು. ಆದರೆ 2001ರಲ್ಲಿ ಸೆಗಾ ಡ್ರೀಮ್‌ಕಾಸ್ಟನ್ನೇ ನಿಲ್ಲಿಸಿತು. ಯಾವ ಕನ್ಸೋಲನ್ನು ಉಳಿಸಲು ಈ ಗೇಮ್ ಹುಟ್ಟಿತೋ ಅದು ಸತ್ತಿತು, ಗೇಮ್ ಉಳಿಯಿತು. 2ಕೆ2ರಿಂದ ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್ ಎಲ್ಲದರಲ್ಲೂ ಇಎ ಜೊತೆ ನೇರ ಪೈಪೋಟಿ.

2004ರ ಹೊತ್ತಿಗೆ ಸೆಗಾ ಒಂದು ದೊಡ್ಡ ದಾಳ ಉರುಳಿಸಿತು. ಆ ವರ್ಷದ ಕ್ರೀಡಾ ಗೇಮ್‌ಗಳನ್ನು 19.99 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಉಳಿದ ಹೊಸ ಗೇಮ್‌ಗಳಿಗೆ 50 ಡಾಲರ್ ಇದ್ದ ಕಾಲ ಅದು. ಇಎ ಬೆದರಿ ಮ್ಯಾಡನ್ ಬೆಲೆ ಇಳಿಸಿತು. ಅದೇ ಡಿಸೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಜೊತೆ ಏಕಸ್ವಾಮ್ಯದ ಒಪ್ಪಂದವನ್ನೂ ಮಾಡಿಕೊಂಡಿತು. ಅಲ್ಲಿಗೆ ವಿಷುಯಲ್ ಕಾನ್ಸೆಪ್ಟ್ಸ್‌ನ ಎನ್‌ಎಫ್‌ಎಲ್ ಗೇಮ್ ಮುಗಿಯಿತು. ಆ ಗೇಮ್‌ನ ಕೊನೆಯ ಆವೃತ್ತಿಯನ್ನು ಜನ ಇವತ್ತಿಗೂ ನೆನೆಸಿಕೊಂಡು ಕೊರಗುತ್ತಾರೆ.

ಎನ್‌ಬಿಎ ಹಾಗೆ ಮಾಡಲಿಲ್ಲ. ಯಾವ ಒಂದೇ ಕಂಪನಿಗೂ ಹಕ್ಕನ್ನು ಬರೆದುಕೊಡಲಿಲ್ಲ. ಈ ಸರಣಿ ಇವತ್ತು ಬದುಕಿದೆ ಅಂದರೆ ಅದಕ್ಕೆ ಮುಖ್ಯ ಕಾರಣ ಇದೇ ಅಂತ ನಾನು ನಂಬಿದ್ದೇನೆ. 2005ರ ಜನವರಿಯಲ್ಲಿ ಟೇಕ್-ಟೂ ಕಂಪನಿ ಸ್ಟುಡಿಯೋವನ್ನು ಸೆಗಾದಿಂದ ಕೊಂಡಿತು. 2ಕೆ ಅನ್ನುವ ಬ್ರ್ಯಾಂಡ್ ಹುಟ್ಟಿತು. ಗೇಮ್‌ನ ಹೆಸರಿನಿಂದ ಕಂಪನಿಗೆ ಹೆಸರು ಬಂತು ನೋಡಿ. ಆಮೇಲಿನ ಐದು ವರ್ಷ ಎನ್‌ಬಿಎ ಲೈವ್ ಎದುರಿಗೆ ಇತ್ತು. ಸುಮ್ನೆ ಕೂರುವಂತಿರಲಿಲ್ಲ. ಕಂಟ್ರೋಲರ್‌ನ ಬಲಗಡೆಯ ಸ್ಟಿಕ್‌ನಿಂದ ಶಾಟ್ ಹೊಡೆಯುವುದು ಬಂತು. ಒಬ್ಬನೇ ಆಟಗಾರನ ಬದುಕನ್ನು ಆಡುವ ಮೈ ಪ್ಲೇಯರ್ ಮೋಡ್ 2ಕೆ10ರಲ್ಲಿ ಬಂತು. ಕೆವಿನ್ ಹಾರ್ಲನ್ ಅವರ ಕಾಮೆಂಟರಿ ಎಷ್ಟು ಒಗ್ಗಿಹೋಯಿತೆಂದರೆ ನಿಜವಾದ ಪಂದ್ಯದಲ್ಲಿ ಆ ದನಿ ಕೇಳಿದರೂ ಮೊದಲು ಗೇಮ್ ನೆನಪಾಗುತ್ತದೆ.

ಮತ್ತೆ ಬಂತು 2010ರ ಅಕ್ಟೋಬರ್. ಎನ್‌ಬಿಎ 2ಕೆ11.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇಡೀ ಸರಣಿಯಲ್ಲಿ ನನಗೆ ಅತಿ ಪ್ರೀತಿಯದ್ದು ಇದು. ಮೈಕೆಲ್ ಜೋರ್ಡನ್ ತಮ್ಮ ಆಟದ ಉತ್ತುಂಗದಲ್ಲಿದ್ದಾಗ ಬಹಳಷ್ಟು ವಿಡಿಯೋ ಗೇಮ್‌ಗಳಲ್ಲಿ ಇರಲೇ ಇಲ್ಲ. ಆಟಗಾರರ ಸಂಘದ ಸಾಮೂಹಿಕ ಲೈಸೆನ್ಸ್‌ನಿಂದ ಹೊರಗೆ ಬಂದು ತಮ್ಮ ಹೆಸರಿನ ಹಕ್ಕನ್ನು ತಾವೇ ಇಟ್ಟುಕೊಂಡಿದ್ದರು. ಹಾಗಾಗಿ 90ರ ದಶಕದ ಗೇಮ್‌ಗಳಲ್ಲಿ ಅವರ ಬುಲ್ಸ್ ತಂಡ ಇರುತ್ತಿತ್ತು, ಜೊತೆ ಆಟಗಾರ ಪಿಪ್ಪೆನ್ ಇರುತ್ತಿದ್ದರು, ಜೋರ್ಡನ್ ಇರುತ್ತಿರಲಿಲ್ಲ. ಅಂಥವರನ್ನು 2ಕೆ11 ಕವರ್ ಮೇಲೆ ತಂದಿತು. ಬರೀ ಮುಖ ತಂದು ನಿಲ್ಲಿಸಲಿಲ್ಲ. ಜೋರ್ಡನ್ ಚಾಲೆಂಜ್ ಅಂತ ಹತ್ತು ಪಂದ್ಯಗಳನ್ನು ಮರಳಿ ಕಟ್ಟಿತು. 1986ರ ಪ್ಲೇಆಫ್‌ನಲ್ಲಿ ಬಾಸ್ಟನ್ ಗಾರ್ಡನ್ ಕ್ರೀಡಾಂಗಣದಲ್ಲಿ ಲ್ಯಾರಿ ಬರ್ಡ್ ತಂಡದ ಎದುರು ಹೊಡೆದ 63 ಪಾಯಿಂಟ್. 1992ರ ಫೈನಲ್‌ನಲ್ಲಿ ಒಂದರ ಹಿಂದೊಂದು ತ್ರೀ, ಅಂದರೆ ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್ ಬಿದ್ದಾಗ ಹೆಗಲು ಕುಣಿಸಿದ ಪಂದ್ಯ. 1997ರಲ್ಲಿ ಮೈಗೆ ಹುಷಾರಿಲ್ಲದೆ ಆಡಿದ ಪಂದ್ಯ. 1998ರಲ್ಲಿ ಯೂಟಾ ಎದುರು 5.2 ಸೆಕೆಂಡ್ ಉಳಿದಿದ್ದಾಗ ಬಿದ್ದ ಆ ಕೊನೆಯ ಶಾಟ್.

ಇದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಏನು ಗೊತ್ತಾ? 1986ರ ಆ ಪಂದ್ಯದಲ್ಲಿ ಬುಲ್ಸ್ ಗೆದ್ದಿರಲಿಲ್ಲ. ಎರಡು ಓವರ್‌ಟೈಮ್ ಆಡಿ 135-131ರಲ್ಲಿ ಸೋತಿದ್ದರು. ಟಿವಿಯಲ್ಲಿ ಆ 63 ಪಾಯಿಂಟನ್ನು ತುಣುಕು ತುಣುಕಾಗಿ ನೋಡಿದರೆ ಬರೀ ಚಂದ ಕಾಣುತ್ತದೆ. ಕಂಟ್ರೋಲರ್ ಹಿಡಿದು ಕೂತರೆ ಎದುರಿನ ಬರ್ಡ್, ಮೆಕ್‌ಹೇಲ್, ಪ್ಯಾರಿಷ್ ಎಂಥ ಗೋಡೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಕ್ರೀಡೆಯ ಇತಿಹಾಸವನ್ನು ಹೀಗೆ ಕಲಿಸುವುದು ಪುಸ್ತಕಕ್ಕೂ ಆಗುವುದಿಲ್ಲ, ವಿಡಿಯೋಗೂ ಆಗುವುದಿಲ್ಲ. ಜೋರ್ಡನ್ ಆಡಿದ್ದನ್ನು ಲೈವ್ ಆಗಿ ನೋಡದ ಒಂದು ತಲೆಮಾರು ಅವರನ್ನು ಅರ್ಥ ಮಾಡಿಕೊಂಡದ್ದು ಈ ಗೇಮ್‌ನಿಂದ.

ಅದೇ ವರ್ಷ ಎದುರಾಳಿ ಕುಸಿದ. ಇಎ ತನ್ನ ಸರಣಿಗೆ ಎನ್‌ಬಿಎ ಎಲೀಟ್ 11 ಅಂತ ಹೊಸ ಹೆಸರಿಟ್ಟು ಡೆಮೋ ಬಿಟ್ಟಿತು. ಡೆಮೋ ತುಂಬ ದೋಷ. ಲೇಕರ್ಸ್‌ನ ಆಂಡ್ರ್ಯೂ ಬೈನಮ್ ಅಂಕಣದ ನಡುವೆ ಕೈ ಚಾಚಿ ಕಂಬದಂತೆ ನಿಂತುಬಿಟ್ಟ ವಿಡಿಯೋ ಎಲ್ಲ ಕಡೆ ಹರಡಿತು. ಗೇಮ್ ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು. ಲೈವ್ 13 ಕೂಡ ರದ್ದು. ಲೈವ್ ಆಮೇಲೆ ಮರಳಿ ಬಂತು, ಆದರೆ ಕಾಲೂರಲು ಆಗಲೇ ಇಲ್ಲ. 2018ರಲ್ಲಿ ಬಂದ ಲೈವ್ 19 ಆದ ಮೇಲೆ ಹೊಸದೊಂದು ಬಂದಿಲ್ಲ.

ನನ್ನ ಪಾಲಿಗೆ ಸರಣಿ ಎರಡಾಗಿ ಒಡೆಯುವುದು ಇಲ್ಲೇ. 2ಕೆ13ರಲ್ಲಿ ಎರಡು ಹೊಸದು ಬಂದವು: ವಿಸಿ ಅನ್ನುವ ಗೇಮ್ ಒಳಗಿನ ಹಣ, ಮತ್ತೆ ಕಾರ್ಡ್ ಪ್ಯಾಕ್ ಒಡೆದು ತಂಡ ಕಟ್ಟುವ ಮೈಟೀಮ್. ಮೊದಮೊದಲು ಅದು ತೊಂದರೆ ಅನ್ನಿಸಲಿಲ್ಲ. ಆಡಿ ಗಳಿಸಬಹುದಿತ್ತು. ವರ್ಷ ಕಳೆದಂತೆ ಆಡಿ ಗಳಿಸುವ ದಾರಿ ಉದ್ದವಾಯಿತು, ಕೊಂಡುಕೊಳ್ಳುವ ದಾರಿ ಹತ್ತಿರವಾಯಿತು. ಈಗ ಒಬ್ಬನೇ ಆಟಗಾರನ ಬದುಕನ್ನು ಆಡುವ ಮೈಕರಿಯರ್ ಮೋಡ್ ಶುರು ಮಾಡಿದರೆ ನಿಮ್ಮ ಆಟಗಾರನ ರೇಟಿಂಗ್ 60. ಬುಟ್ಟಿಯ ಹತ್ತಿರದಿಂದ ಹಾಕುವ ಸುಲಭದ ಲೇಅಪ್ ಕೂಡ ತಪ್ಪುತ್ತಾನೆ. ಅವನನ್ನು 85 ದಾಟಿಸಬೇಕಾದರೆ ವಾರಗಟ್ಟಲೆ ಆಡಬೇಕು, ಇಲ್ಲ ನಿಜವಾದ ಹಣ ಕೊಡಬೇಕು. ಗೇಮ್‌ಗೆ ಆಗಲೇ 70 ಡಾಲರ್ ಕೊಟ್ಟಾಗಿದೆ, ಅಲ್ವಾ?

2ಕೆ18ರಲ್ಲಿ ನೈಬರ್‌ಹುಡ್ ಅನ್ನುವ ಪೇಟೆ ಬಂತು. ನಡೆದುಕೊಂಡು ಹೋಗಿ ಆಡಬಹುದು, ಜನರನ್ನು ನೋಡಬಹುದು. ಯೋಚನೆ ಚೆನ್ನಾಗಿತ್ತು. ಆದರೆ ಕ್ಷೌರದಂಗಡಿಗೆ ಹೋದರೆ ಕೂದಲು ಹೇಗೆ ಕಾಣುತ್ತದೆ ಅಂತ ಮೊದಲೇ ನೋಡುವಂತಿರಲಿಲ್ಲ, ಹಣ ಮಾತ್ರ ಮೊದಲೇ ಕೊಡಬೇಕಿತ್ತು. ಜನ ಸಿಟ್ಟಾದರು. 2ಕೆ20ರ ಮೈಟೀಮ್ ಜಾಹೀರಾತಿನಲ್ಲಿ ಜೂಜುಕಟ್ಟೆಯ ಸ್ಲಾಟ್ ಮೆಷಿನ್ ತೋರಿಸಿದರು. ಮಕ್ಕಳೂ ಆಡುವ ಗೇಮ್ ಇದು. ಬೆಲ್ಜಿಯಂ ಸರ್ಕಾರ ಇಂಥ ಪ್ಯಾಕ್‌ಗಳು ಜೂಜು ಅಂತ 2018ರಲ್ಲೇ ಹೇಳಿತ್ತು. ಆಗ ಕಂಪನಿ ಅಲ್ಲಿನ ಆಟಗಾರರಿಗೆ ನಿಮ್ಮ ಜನಪ್ರತಿನಿಧಿಗಳ ಜೊತೆ ಮಾತಾಡಿ ಅಂತ ಕೇಳಿಕೊಂಡಿತು. 2ಕೆ21ರಲ್ಲಂತೂ ಪಂದ್ಯ ಲೋಡ್ ಆಗುವ ಮೊದಲು ದಾಟಿಸಲಾಗದ ಜಾಹೀರಾತು. ಇದನ್ನೆಲ್ಲ ಬೇರೆ ಒಳ್ಳೆಯ ಗೇಮ್ ಎದುರಿಗಿದ್ದರೆ ಮಾಡುವ ಧೈರ್ಯ ಬರುತ್ತಿತ್ತಾ? ಖಂಡಿತ ಇಲ್ಲ. 19.99 ಡಾಲರ್‌ಗೆ ಮಾರಿದ ಸರಣಿ ಇದು. ಎದುರಾಳಿ ಇದ್ದಾಗ ಬೆಲೆ ಇಳಿಸಿದ್ದು, ಎದುರಾಳಿ ಹೋದ ಮೇಲೆ ಕೂದಲಿಗೂ ಬೆಲೆ ಕಟ್ಟಿದ್ದು.

ಆದರೂ ಯಾಕೆ ಆಡುತ್ತೇವೆ? ಅಂಕಣ ಇನ್ನೂ ಅಷ್ಟು ಚೆನ್ನಾಗಿದೆ. ಅದನ್ನು ಹೇಳದೆ ಹೋದರೆ ಆ ಕೆಲಸ ಮಾಡಿದವರಿಗೆ ಅನ್ಯಾಯ.

ದೂರದ ಶಾಟ್‌ಗೆ ಹೆಸರಾದ ಎನ್‌ಬಿಎ ಆಟಗಾರ ಸ್ಟೀಫನ್ ಕರಿ ವಿಷಯವನ್ನೇ ತೆಗೆದುಕೊಳ್ಳಿ. ಡ್ರಿಬಲ್ ಮಾಡುತ್ತಲೇ, ಅಂದರೆ ಚೆಂಡು ಪುಟಿಸುತ್ತಲೇ, ದೂರದಿಂದ ಹೊಡೆದರೆ ಶಾಟ್ ಬೀಳುವ ಸಾಧ್ಯತೆ ಕಡಿಮೆ. ಇದು ಬ್ಯಾಸ್ಕೆಟ್‌ಬಾಲ್‌ನ ಸಾಮಾನ್ಯ ಬುದ್ಧಿ, ಗೇಮ್‌ನ ಲೆಕ್ಕವೂ ಅದೇ. ಹಾಗೆ ಹೊಡೆಯುವವರಿಗೆ ಗೇಮ್ ದಂಡ ಹಾಕುತ್ತಿತ್ತು. 2015-16ರಲ್ಲಿ ಕರಿ ಒಂದೇ ಸೀಸನ್‌ನಲ್ಲಿ 402 ತ್ರೀ ಹೊಡೆದರು. ಅದರಲ್ಲಿ ಎಷ್ಟೋ ಇಂಥ ಶಾಟ್‌ಗಳೇ. ಗೇಮ್‌ಪ್ಲೇ ನೋಡಿಕೊಳ್ಳುವ ಮೈಕ್ ವಾಂಗ್, ಕರಿಯವರನ್ನು ಗೇಮ್‌ಗೆ ಇಳಿಸುವುದು ಕಷ್ಟ ಅಂತ ಬಹಿರಂಗವಾಗಿಯೇ ಹೇಳಿದರು. ಕರಿಗೆ ಸರಿಹೋಗುವಂತೆ ನಿಯಮ ಸಡಿಲಿಸಿದರೆ ಆನ್‌ಲೈನ್‌ನಲ್ಲಿ ಎಲ್ಲರೂ ಅರ್ಧ ಅಂಕಣದಿಂದ ಹೊಡೆಯಲು ಶುರು ಮಾಡುತ್ತಾರೆ. ಸಡಿಲಿಸದಿದ್ದರೆ ಕರಿ ಕರಿ ಆಗಿರುವುದಿಲ್ಲ. ಒಬ್ಬ ಮನುಷ್ಯ ನಿಜವಾದ ಆಟವನ್ನು ಬದಲಿಸಿದ, ಅದರ ಹಿಂದೆ ಗೇಮ್‌ನ ಲೆಕ್ಕವೂ ಬದಲಾಗಬೇಕಾಯಿತು. ಇಂಥ ತಲೆಬಿಸಿಯನ್ನು ಮನಸಿಟ್ಟು ಅನುಭವಿಸುವವರು ಮಾತ್ರ ಇಷ್ಟು ಒಳ್ಳೆಯ ಅಂಕಣ ಕಟ್ಟುತ್ತಾರೆ.

ಎನ್‌ಬಿಎ ಆಟಗಾರರೇ ತಮ್ಮ ರೇಟಿಂಗ್ ನೋಡಿ ಸಿಟ್ಟಾಗುತ್ತಾರೆ. ಅತಿ ಹೆಚ್ಚಿನ ರೇಟಿಂಗ್ ಆದ 99 ನನಗೆ ಯಾಕಿಲ್ಲ ಅಂತ ಕೆವಿನ್ ಡುರಾಂಟ್ ಬಹಿರಂಗವಾಗಿ ಕೇಳಿದ್ದರು. ಹಚ್ಚೆಯ ವಿಷಯ ಕೋರ್ಟ್‌ಗೂ ಹೋಯಿತು. ಲೆಬ್ರಾನ್ ಜೇಮ್ಸ್ ಮೈಮೇಲಿನ ಹಚ್ಚೆಯನ್ನು ಗೇಮ್‌ನಲ್ಲಿ ತೋರಿಸಿದ್ದಕ್ಕೆ ಆ ಚಿತ್ರಗಳ ಹಕ್ಕು ತನ್ನದು ಅಂತ ಒಂದು ಕಂಪನಿ ಕೇಸ್ ಹಾಕಿತ್ತು. 2020ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ಗೇಮ್ ಪರವಾಗಿ ತೀರ್ಪು ಕೊಟ್ಟಿತು. ಸರಿಯಾದ ತೀರ್ಪು. ಒಬ್ಬನ ಮೈ ಅವನದು.

2ಕೆ20ರಿಂದ ಮಹಿಳೆಯರ ಡಬ್ಲ್ಯೂಎನ್‌ಬಿಎ ತಂಡಗಳೂ ಬಂದವು. 2ಕೆ22ರಲ್ಲಿ ಕ್ಯಾಂಡೇಸ್ ಪಾರ್ಕರ್ ಕವರ್ ಮೇಲೆ ಬಂದ ಮೊದಲ ಮಹಿಳೆಯಾದರು. ಇಷ್ಟು ತಡವಾಗಬಾರದಿತ್ತು.

ಇನ್ನು 2ಕೆ23ರ ಇರಾಸ್ ಮೋಡ್. 2ಕೆ11 ಆದ ಮೇಲೆ ನಾನು ಇಷ್ಟು ಖುಷಿಪಟ್ಟದ್ದು ಇದಕ್ಕೇ. 1983ಕ್ಕೆ ಹೋಗಿ ಮ್ಯಾಜಿಕ್ ಜಾನ್ಸನ್ ಮತ್ತು ಬರ್ಡ್ ಕಾಲದಿಂದ ಲೀಗ್ ನಡೆಸಬಹುದು. 1991ಕ್ಕೆ ಹೋದರೆ ಜೋರ್ಡನ್ ಕಾಲ, 2002ಕ್ಕೆ ಹೋದರೆ ಕೋಬಿ ಬ್ರಯಂಟ್ ಕಾಲ. ಆಯಾ ಕಾಲದ ನಿಯಮ, ಜೆರ್ಸಿ, ಟಿವಿಯ ಆ ಮಸುಕು ಬಣ್ಣ ಕೂಡ ಇದೆ. 80ರ ದಶಕದಲ್ಲಿ ತ್ರೀ ಹೊಡೆಯುವವರು ಎಷ್ಟು ಕಡಿಮೆ ಅನ್ನುವುದು ಆಡಿದರೆ ಅರ್ಥವಾಗುತ್ತದೆ. ಆಮೇಲೆ ಬಂದ ಗೇಮ್‌ಗಳಲ್ಲಿ ಲೆಬ್ರಾನ್ ಕಾಲ, ಕರಿ ಕಾಲವೂ ಸೇರಿದವು. ಗಮನಿಸಿ, ಇಲ್ಲಿ ವಿಸಿಗೆ ಕೆಲಸವೇ ಇಲ್ಲ. ಅಂಗಡಿಯ ಕಾಟ ಇಲ್ಲದ ಜಾಗದಲ್ಲೇ ಸ್ಟುಡಿಯೋ ತನ್ನ ಅತ್ಯುತ್ತಮ ಕೆಲಸ ಮಾಡಿದೆ.

ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲೇ. 1986ರ ಬಾಸ್ಟನ್ ಗಾರ್ಡನ್ ಅನ್ನು ಹಲಗೆ ಹಲಗೆಯಾಗಿ ನೆನಪಿಟ್ಟುಕೊಂಡ ಈ ಸರಣಿ, ತನ್ನದೇ ಹಳೆಯ ಗೇಮ್‌ಗಳನ್ನು ಉಳಿಸಿಕೊಳ್ಳುವುದಿಲ್ಲ. ಒಂದು ಗೇಮ್ ಬಂದು ಎರಡು ವರ್ಷದ ಆಸುಪಾಸಿನಲ್ಲಿ ಅದರ ಸರ್ವರ್ ಮುಚ್ಚುತ್ತದೆ. ಡಿಜಿಟಲ್ ಅಂಗಡಿಗಳಿಂದಲೂ ಗೇಮ್ ಮಾಯವಾಗುತ್ತದೆ. ಸರ್ವರ್‌ಗೆ ಕಟ್ಟಿಹಾಕಿದ ಮೋಡ್‌ಗಳು ತೆರೆಯುವುದಿಲ್ಲ. ಹಣ ಕೊಟ್ಟು ಬೆಳೆಸಿದ ಆಟಗಾರ, ಮೈಟೀಮ್‌ನಲ್ಲಿ ಕೂಡಿಸಿದ ಕಾರ್ಡು, ಎಲ್ಲ ಹೋಯಿತು. ಲೈಸೆನ್ಸ್ ಮುಗಿದ ಮೇಲೆ ಮಾರಲಾಗುವುದಿಲ್ಲ ಅಂದರೆ ಒಪ್ಪುತ್ತೇನೆ. ಸರ್ವರ್ ನಡೆಸಲು ಖರ್ಚಿದೆ ಅಂದರೆ ಅದನ್ನೂ ಒಪ್ಪುತ್ತೇನೆ. ಆಗಲೇ ಕೊಂಡವರ ಕತೆ ಏನು?

ನಾನು ಕೇಳುವುದು ದೊಡ್ಡದೇನೂ ಅಲ್ಲ. ಸರ್ವರ್ ಮುಚ್ಚುವ ಮೊದಲು ಒಂದು ಕೊನೆಯ ಅಪ್‌ಡೇಟ್ ಕೊಡಿ. ಮೈಕರಿಯರ್ ಕತೆ ಆಫ್‌ಲೈನ್‌ನಲ್ಲಿ ತೆರೆಯಲಿ, ನಾವು ಬೆಳೆಸಿದ ಆಟಗಾರ ಅದರೊಳಗೆ ಉಳಿಯಲಿ. ವಿಸಿ ಬೇಡ, ಪ್ಯಾಕ್ ಬೇಡ, ನೈಬರ್‌ಹುಡ್ ಕೂಡ ಬೇಡ. ಹಳೆಯ ಡಿಸ್ಕ್ ಹಾಕಿದರೆ ಇವತ್ತಿಗೂ 2ಕೆ11ರ ಜೋರ್ಡನ್ ಚಾಲೆಂಜ್ ಆಡಬಹುದು, ಯಾಕೆಂದರೆ ಅದು ಯಾವ ಸರ್ವರ್‌ನ ಅನುಮತಿಯನ್ನೂ ಕೇಳುವುದಿಲ್ಲ. ಅದೇ ಸ್ಟುಡಿಯೋ ಅದನ್ನು ಮಾಡಿತ್ತು. ಈಗಲೂ ಮಾಡಬಹುದು.