ಸಾಲದ ಕಾಗದಕ್ಕೆ ನಾನೇಕೆ ಸಹಿ ಹಾಕಲಿಲ್ಲ

ಮುಂಬೈನ ಮುಲುಂಡಿನಲ್ಲಿರುವ ನನ್ನ ತಂಗಿಯ ಮಗ ಈ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಾನೆ. ಓದಿದರೆ ಡಿಸೈನ್ ಮಾತ್ರ ಎಂದು ಹಟ ಹಿಡಿದಿದ್ದಾನೆ. ಪುಣೆಯ ಹೊರವಲಯದ ಒಂದು ಖಾಸಗಿ ಕಾಲೇಜು ವರ್ಷಕ್ಕೆ ನಾಲ್ಕೂವರೆ ಲಕ್ಷ ಶುಲ್ಕ ಹೇಳಿದೆ. ನಾಲ್ಕು ವರ್ಷಕ್ಕೆ 18 ಲಕ್ಷ, ಹಾಸ್ಟೆಲ್ ಖರ್ಚು ಬೇರೆ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಲ್ಲಬೇಕೆಂದು ತಂಗಿ ಕೇಳಿದಾಗ ನಾನು ಒಪ್ಪಲಿಲ್ಲ. “ಅಣ್ಣಾ, ನೀನು ಡಿಗ್ರಿ ಇಲ್ಲದೆ ಬದುಕಿದೆ ಅಂತ ಅವನೂ ಹಾಗೇ ಇರಬೇಕಾ?” ಎಂದಳು. ಆ ಮಾತಿಗೆ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಪ್ರಭಾದೇವಿಯ ಒಂದು ಮುದ್ರಣಾಲಯ ಸೇರಿದವನು. ಪೇಜ್‌ಮೇಕರ್, ಕೋರೆಲ್‌ಡ್ರಾ, ಶ್ರೀಲಿಪಿ ಇವನ್ನೆಲ್ಲ ಆಪರೇಟರನ ಪಕ್ಕ ನಿಂತು ಮೂರು ತಿಂಗಳಲ್ಲಿ ಕಲಿತೆ. ತಂತ್ರಾಂಶ ಕಲಿಯಲು ಕಾಲೇಜು ಬೇಕಿಲ್ಲ ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ಆದರೆ ಒಮ್ಮೆ ನಮ್ಮವರೇ ಒಬ್ಬರ ಮದುವೆಯ ಕರೆಯೋಲೆ ಮಾಡಿದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಕಾರ್ಡಿನ ಅಳತೆಯಲ್ಲೇ ಇಟ್ಟಿದ್ದೆ. ‘ಲಕ್ಷ್ಮೀ’ ಎಂಬ ಹೆಸರಿನ ಎರಡು ಒತ್ತುಗಳು ಇಳಿದು ಕೆಳಸಾಲಿನ ‘ಶ್ರೀ’ಯ ತಲೆಗೆ ಅಂಟಿಕೊಂಡಿದ್ದವು. ಆರುನೂರು ಪ್ರತಿ ಅಚ್ಚಾದ ಮೇಲೆ ವಧುವಿನ ಅಜ್ಜ ಅದನ್ನು ಬೆರಳಿಟ್ಟು ತೋರಿಸಿದರು. ಮರುಮುದ್ರಣದ ಹಣ ನನ್ನ ಸಂಬಳದಿಂದ ಹೋಯಿತು. ಎಷ್ಟೋ ವರ್ಷಗಳ ನಂತರ ನಮ್ಮಲ್ಲಿಗೆ ಅನ್ವಯಿಕ ಕಲೆ ಓದಿದ ಹುಡುಗಿಯೊಬ್ಬಳು ಬಂದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಕೊಟ್ಟ ಪ್ರೂಫನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸಾಲುಗಳು ಒಂದಕ್ಕೊಂದು ತಾಗುತ್ತಿದ್ದ ಮೂರು ಜಾಗಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ವಾರ ವಾರ ಕೆಲಸವನ್ನು ಗೋಡೆಗೆ ಚುಚ್ಚಿಸಿ, ಎಲ್ಲರೆದುರು “ಇದು ಇಲ್ಲೇಕೆ?” ಎಂದು ಕೇಳುತ್ತಿದ್ದ ಮೇಷ್ಟರೊಬ್ಬರು ಅವಳಿಗಿದ್ದರಂತೆ. ನಾನು ದಂಡ ತೆತ್ತು ಕಲಿತದ್ದನ್ನು ಅವಳು ಎರಡನೆಯ ವರ್ಷದಲ್ಲೇ ಕಲಿತಿದ್ದಳು.

ನನ್ನ ಲೆಕ್ಕದಲ್ಲಿ ಡಿಗ್ರಿಯ ಬೆಲೆ ಆ ಗೋಡೆಗೆ, ಆ ಮೇಷ್ಟರಿಗೆ. 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯ ಪರಂಪರೆ ನಮ್ಮ ಊರಿನಲ್ಲೇ ಇದೆ. ಪೊವಾಯಿಯ ಐಐಟಿಯಲ್ಲಿ 1969ರಿಂದ ಐಡಿಸಿ ಎಂಬ ಡಿಸೈನ್ ಶಾಲೆ ಇದೆ. 2010ರಲ್ಲಿ ಸ್ವೀಕೃತವಾದ ರೂಪಾಯಿ ಚಿಹ್ನೆಯನ್ನು ರಚಿಸಿದ ಉದಯಕುಮಾರ್ ಅಲ್ಲಿಯೇ ತಮಿಳು ಅಕ್ಷರವಿನ್ಯಾಸದ ಮೇಲೆ ಸಂಶೋಧನೆ ನಡೆಸಿದವರು. ದೇವನಾಗರಿಯ ‘ರ’ವನ್ನೂ ರೋಮನ್ ‘ಆರ್’ ಅನ್ನೂ ಒಂದಾಗಿ ಕಾಣುವ ಕಣ್ಣು ಅಕ್ಷರಗಳ ಜೊತೆ ವರ್ಷಗಟ್ಟಲೆ ಕೂತವರಿಗಷ್ಟೇ ಬರುತ್ತದೆ, ಮತ್ತು ಹಾಗೆ ಕೂರಲು ನೌಕರಿಯಲ್ಲಿ ಯಾರೂ ಬಿಡುವುದಿಲ್ಲ.

ಪುಣೆಯ ಆ ಕಾಲೇಜಿಗೂ ಹೋಗಿ ನೋಡಿದೆ. ಸಾಲುಸಾಲು ಹೊಸ ಕಂಪ್ಯೂಟರುಗಳು, ಗಾಜಿನ ಬಾಗಿಲುಗಳು, ಒಳ್ಳೆಯ ಕಾಫಿ. ಗೋಡೆಗಳ ಮೇಲೆ ವಿದ್ಯಾರ್ಥಿಗಳ ಕೆಲಸ ಒಂದೂ ಇರಲಿಲ್ಲ. ಪಾಠ ಮಾಡುವವರಲ್ಲಿ ಈಗಲೂ ಡಿಸೈನ್ ಕೆಲಸ ಮಾಡುತ್ತಿರುವವರು ಯಾರು ಎಂದು ಕೇಳಿದ್ದಕ್ಕೆ ಕೌನ್ಸೆಲರ್ ಬಣ್ಣದ ಪುಸ್ತಿಕೆ ಕೊಟ್ಟು, ಪ್ಲೇಸ್‌ಮೆಂಟ್ ಪುಟ ತೆರೆದು ತೋರಿಸಿದರು. ಹೊಸದಾಗಿ ಸೇರುವವರಿಗೆ ನಮ್ಮಲ್ಲಿ ಕೊಡುವ ಸಂಬಳ ನನಗೆ ಗೊತ್ತಿದೆ. 18 ಲಕ್ಷದ ಸಾಲದ ಕಂತು ಕಟ್ಟಿದರೆ ಅದರಲ್ಲಿ ಲೋಕಲ್ ಪಾಸಿಗೂ ಹಣ ಉಳಿಯುವುದಿಲ್ಲ.

ಹುಡುಗನಿಗೆ ಐಐಟಿಗಳ ಡಿಸೈನ್ ಪದವಿಯ ಪ್ರವೇಶ ಪರೀಕ್ಷೆಯಾದ ಯುಸೀಡ್ ಬರೆಯಲು ಹೇಳಿದ್ದೇನೆ. ವಿಜ್ಞಾನವೇ ಓದಿರಬೇಕೆಂಬ ನಿಯಮವಿಲ್ಲ, ವಾಣಿಜ್ಯದವರೂ ಬರೆಯಬಹುದು. ಕೈಯಿಂದ ಚಿತ್ರ ಬಿಡಿಸುವ ಭಾಗವೂ ಅದರಲ್ಲಿದೆ. ಜೆ.ಜೆ.ಯ ಪ್ರವೇಶ ಪರೀಕ್ಷೆಯನ್ನೂ ಬರೆಯಲಿ. ಅಲ್ಲಿ ಸೀಟು ಸಿಕ್ಕರೆ ಶುಲ್ಕವನ್ನು ನಾನೇ ಕಟ್ಟುತ್ತೇನೆ, ಸಾಲದ ಮಾತೇ ಬೇಡ ಎಂದು ತಂಗಿಗೆ ತಿಳಿಸಿದ್ದೇನೆ. ಅವಳು ಇನ್ನೂ ಫೋನ್ ಎತ್ತುತ್ತಿಲ್ಲ. ಹುಡುಗ ಮಾತ್ರ ಪ್ರತಿ ಭಾನುವಾರ ಡೊಂಬಿವಲಿಗೆ ಬರುತ್ತಾನೆ. ಕಳೆದ ವಾರ ಸ್ಟೇಷನ್ನಿನ ಪಾದಚಾರಿ ಸೇತುವೆ ಬಿಡಿಸಿ ತಂದಿದ್ದ, ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿ, “ಈ ಮೆಟ್ಟಿಲು ಇಲ್ಲೇಕೆ?” ಎಂದು ಕೇಳಿದೆ. “ಮಾವ, ಅದು ಅಲ್ಲೇ ಇದೆಯಲ್ಲ!” ಎಂದ. ಈ ಭಾನುವಾರ ಮತ್ತೆ ಬಿಡಿಸಿ ತರುತ್ತಾನಂತೆ.